ಬಚ್ಚಲ ನೀರಿನ ಬೆಲೆ

ಹಣವನ್ನು ಮಿತಿಮೀರಿ ವೆಚ್ಚಮಾಡುವವನನ್ನು ಕಂಡಾಗ ‘ದುಡ್ಡನ್ನು ನೀರಿನಂತೆ ಚೆಲ್ಲುತ್ತಾನೆ’ ಎನ್ನುವುದು ಕನ್ನಡಿಗರ ವಾಡಿಕೆ. ನೀರಿಗೆ ಬೆಲೆಯಿಲ್ಲವೆಂಬ ಭಾವನೆ ಈ ಮಾತಿನ ಹಿಂದೆ ಅಡಗಿದೆ. ಆದರೆ 2024ರ ಬೇಸಗೆಯಲ್ಲಿ ಬೆಂಗಳೂರಿನ ಅನೇಕ ಬಡಾವಣೆಗಳ ಜನರು ಕೊಡ ಹಿಡಿದು ಟ್ಯಾಂಕರಿನ ದಾರಿ ಕಾಯಬೇಕಾಯಿತು. ಕುಡಿಯುವ ನೀರಿನಿಂದ ವಾಹನ ತೊಳೆಯುವವರಿಗೂ ಕೈತೋಟಕ್ಕೆ ಅದನ್ನು ಹಾಯಿಸುವವರಿಗೂ 5,000 ರೂಪಾಯಿ ದಂಡ ವಿಧಿಸುವುದಾಗಿ ಜಲಮಂಡಳಿಯು ಸಾರಿತು. ಆ ಹಳೆಯ ಮಾತು ಅಂದು ತನ್ನ ಅರ್ಥವನ್ನೇ ಕಳೆದುಕೊಂಡಿತು.

ಬೆಂಗಳೂರು ನದೀತೀರದ ಊರಲ್ಲ. ಕಾವೇರಿಯ ನೀರನ್ನು ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಳಿಸಿ, ವಿದ್ಯುತ್ ಯಂತ್ರಗಳಿಂದ ಸುಮಾರು 500 ಮೀಟರ್ ಮೇಲಕ್ಕೆತ್ತಿ, ಸುಮಾರು 100 ಕಿಲೋಮೀಟರ್ ದೂರದಿಂದ ಅಲ್ಲಿಗೆ ತರಲಾಗುತ್ತದೆ. ಇಷ್ಟು ಶ್ರಮದಿಂದ ಬಂದ ನೀರು ಹೋಗುವುದಾದರೂ ಎಲ್ಲಿಗೆ? ನಗರದ ಮನೆಗಳಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ ಸಾಮಾನ್ಯವಾಗಿ 135 ಲೀಟರ್ ನೀರನ್ನು ಲೆಕ್ಕಹಾಕುತ್ತಾರೆ. ಅದರಲ್ಲಿ 45 ಲೀಟರ್ ಶೌಚಾಲಯಕ್ಕೆ. ನಾಲ್ವರಿರುವ ಮನೆಗೆ ಅದು 180 ಲೀಟರ್. ಅಂತಹ ನೂರು ಮನೆಗಳ ಕಟ್ಟಡಕ್ಕೆ 18,000 ಲೀಟರ್. ಶೌಚಾಲಯಕ್ಕೆ ಧಾರಾಳವಾಗಿ ಸಾಕಾಗುವ ಸ್ನಾನದ ನೀರು, ಬಟ್ಟೆ ಒಗೆದ ನೀರು ಅದೇ ಹೊತ್ತಿಗೆ ಚರಂಡಿಯ ಪಾಲಾಗುತ್ತದೆ. ಇದು ವಿವೇಕವೆನಿಸದು.

ಹಿಂದೆ ಹಳ್ಳಿಯ ಮನೆಗಳಲ್ಲಿ ಬಚ್ಚಲ ನೀರು ಹಿತ್ತಿಲಿನ ಬಾಳೆ, ತೆಂಗು, ಕೆಸುವಿನ ಬುಡಕ್ಕೆ ಹರಿಯುತ್ತಿತ್ತು. ಬಚ್ಚಲು ಬೇರೆ, ಶೌಚದ ಸ್ಥಳ ಬೇರೆ ಆಗಿದ್ದುದರಿಂದ ನೀರೂ ಬೇರೆಯಾಗಿಯೇ ಉಳಿಯುತ್ತಿತ್ತು. ನಗರದ ಬಹುಮಹಡಿ ಕಟ್ಟಡಗಳಲ್ಲಿ ಎರಡು ಬಗೆಯ ನೀರೂ ಕೊನೆಗೆ ಒಂದೇ ಚರಂಡಿಯಲ್ಲಿ ಬೆರೆಯುತ್ತದೆ. ಹಾಗೆ ಬೆರೆತ ಮೇಲೆ ಅದನ್ನು ಶುದ್ಧಗೊಳಿಸುವುದು ಬಲು ಕಷ್ಟ. ಮಲ ಬೆರೆಯದ ಈ ನೀರನ್ನು ಇಂದು ‘ಬೂದು ನೀರು’ ಎಂದು ಕರೆಯುತ್ತಾರೆ. ಅದನ್ನು ಬೇರೆಯಾಗಿ ಉಳಿಸಿಕೊಳ್ಳುವುದೇ ಮರುಬಳಕೆಯ ಮೊದಲ ಹೆಜ್ಜೆ.

ಬಳಸಿದ ನೀರನ್ನು ಮತ್ತೆ ಬಳಸುವುದೆಂದರೆ ಕೆಲವರು ಮೂಗು ಮುರಿಯುತ್ತಾರೆ. ಅವರ ಶಂಕೆ ಪೂರ್ತಿಯಾಗಿ ನಿರಾಧಾರವಾದುದಲ್ಲ. ಈ ನೀರಿನಲ್ಲಿ ಸಾಬೂನು, ಕೂದಲು, ಮೈಯ ಕೊಳೆ, ರೋಗಾಣುಗಳು ಇರುತ್ತವೆ. ಸೋಸದೆ ಒಂದೆರಡು ದಿನ ನಿಲ್ಲಿಸಿದರೆ ಅದು ನಾರುತ್ತದೆ. ಆದುದರಿಂದ ಅದನ್ನು ಕುಡಿಯಲಿಕ್ಕಾಗಲಿ, ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗಳಿಗಾಗಲಿ ಬಳಸಬಾರದು. ಅಡುಗೆಮನೆಯ ಜಿಡ್ಡುನೀರನ್ನೂ ಅದಕ್ಕೆ ಸೇರಿಸದಿರುವುದು ಲೇಸು. ಮರಳು, ಜಲ್ಲಿಗಳ ಮೂಲಕ ಸೋಸಿ, ರೋಗಾಣುಗಳನ್ನು ನಾಶಪಡಿಸಿ, ಬೇರೆ ಬಣ್ಣದ ಕೊಳವೆಯಲ್ಲಿ ಶೌಚಾಲಯಕ್ಕೆ ಹರಿಸಿದರೆ ಹೇಸುವುದಕ್ಕೆ ಕಾರಣವಿಲ್ಲ.

ಹಳೆಯ ಕಟ್ಟಡಗಳ ಗೋಡೆ ಒಡೆದು ಕೊಳವೆ ಬದಲಿಸುವುದು ದುಬಾರಿಯ ಕೆಲಸವೆಂಬುದು ನಿಜ. ಹೊಸ ಕಟ್ಟಡಕ್ಕಾದರೆ ನಕ್ಷೆ ಬರೆಯುವಾಗಲೇ ಅದಕ್ಕೆ ಅವಕಾಶ ಕಲ್ಪಿಸಬಹುದು. ಎರಡು ಬಗೆಯ ಕೊಳವೆಗಳಿಲ್ಲದೆ ಯಾವ ದೊಡ್ಡ ವಸತಿಗೃಹವೂ ಇನ್ನು ಏಳಬಾರದು. ಹಳೆಯ ಮನೆಗಳಲ್ಲಿರುವವರೂ ಕೈಕಟ್ಟಿ ಕೂರಬೇಕಾಗಿಲ್ಲ. ಬಟ್ಟೆಯನ್ನು ಕೊನೆಯ ಬಾರಿ ಜಾಲಾಡಿದ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು ಅಂದೇ ಶೌಚಾಲಯಕ್ಕೆ ಸುರಿಯಬಹುದು.

ಇದನ್ನು ಜಿಪುಣತನವೆಂದು ಹಳಿಯುವವರು ಒಂದು ಸಂಗತಿಯನ್ನು ನೆನೆಯಬೇಕು. ಊರಿಗೆ ಬರುವ ನೀರು ಎಲ್ಲರ ಸೊತ್ತು. ಒಂದು ಮನೆಯಲ್ಲಿ ಉಳಿದ ಕೊಡ ನೀರು, ಕೊಳವೆಯ ಕೊನೆಯಲ್ಲಿ ಖಾಲಿ ಕೊಡ ಹಿಡಿದು ನಿಂತ ಇನ್ನೊಂದು ಮನೆಗೆ ದೊರೆಯಬಲ್ಲ ನೀರು. ಬಚ್ಚಲ ನೀರಿಗೆ ಬೆಲೆ ಕೊಡುವವನು ನೆರೆಯವರ ಬಾಯಾರಿಕೆಗೂ ಬೆಲೆ ಕೊಡುತ್ತಾನೆ.