ಕ್ಷಾರ, ಪ್ರತ್ಯಾಮ್ಲ ಮತ್ತು ಔಷಧದ ಅಯಾನು: ಪರಿಭಾಷೆಯ ಒಂದು ತೊಡಕು

ಕನ್ನಡದ ವಿಜ್ಞಾನ ಪರಿಭಾಷೆಯ ಚರ್ಚೆ ಬಹುಮಟ್ಟಿಗೆ ಸಂಸ್ಕೃತವೋ ಅಚ್ಚಗನ್ನಡವೋ ಎಂಬ ಪ್ರಶ್ನೆಯ ಸುತ್ತಲೇ ನಡೆದಿದೆ. ಪದವು ಹೊರಬೇಕಾದ ಪರಿಕಲ್ಪನೆಯ ಕಡೆಗೆ ಹರಿದ ಗಮನ ಕಡಿಮೆ. ಔಷಧಗಳ ಅಯಾನೀಕರಣವನ್ನು ಕನ್ನಡದಲ್ಲಿ ನಿರೂಪಿಸಹೊರಟ ಲೇಖಕನಿಗೆ ಈ ಕೊರತೆ ಮೊದಲ ವಾಕ್ಯದಲ್ಲಿಯೇ ಎದುರಾಗುತ್ತದೆ.

ರೂಢಿಯಲ್ಲಿ ಕ್ಷಾರವೆಂದರೆ ಬೂದಿಯಿಂದ ತೆಗೆದ, ನೀರಿನಲ್ಲಿ ಕರಗುವ ತೀಕ್ಷ್ಣ ವಸ್ತು. ಆಯುರ್ವೇದದ ಕ್ಷಾರಸೂತ್ರದಲ್ಲಿಯೂ ಇದೇ ಅರ್ಥವಿದೆ. ಹಲ್ಲು ಕೀಳುವ ಮುನ್ನ ಚುಚ್ಚುವ ಲಿಡೊಕೇನ್ ಈ ಅರ್ಥದಲ್ಲಿ ಕ್ಷಾರವಲ್ಲ. 1923ರಲ್ಲಿ ಬ್ರಾನ್‌ಸ್ಟೆಡ್ ಮತ್ತು ಲೌರಿ ಪ್ರತ್ಯೇಕವಾಗಿ ಮಂಡಿಸಿದ ವ್ಯಾಖ್ಯೆಯಂತೆ ಪ್ರೋಟಾನನ್ನು ಸ್ವೀಕರಿಸಬಲ್ಲುದಾದ್ದರಿಂದ ಅದು ದುರ್ಬಲ ಪ್ರತ್ಯಾಮ್ಲ. ಪ್ರೋಟಾನು ಕೂಡಿದೊಡನೆ ಅದು ವಿದ್ಯುದಂಶ ಪಡೆದು ಅಯಾನಾಗುತ್ತದೆ. ನರದ ಕೊಬ್ಬಿನ ಪೊರೆಯನ್ನು ಸುಲಭವಾಗಿ ದಾಟುವುದು ಅಯಾನಾಗದೆ ಉಳಿದ ಭಾಗ ಮಾತ್ರ. ಲಿಡೊಕೇನಿನ ಪಿಕೆಎ ಸುಮಾರು 7.9. ದೇಹದ ಸಹಜ ಪಿಎಚ್ 7.4ರಲ್ಲಿ ಅದರ ಶೇ. 24ರಷ್ಟು ಅಯಾನಾಗದೆ ಉಳಿದಿರುತ್ತದೆ. ಕೀವುಗಟ್ಟಿದ ವಸಡಿನಲ್ಲಿ ಆಮ್ಲತೆ ಹೆಚ್ಚಿ ಪಿಎಚ್ 6.4ಕ್ಕೆ ಇಳಿದರೆ ಉಳಿಯುವುದು ಶೇ. 3 ಮಾತ್ರ. ಅಂಥ ಹಲ್ಲಿಗೆ ಅರಿವಳಿಕೆ ಸರಿಯಾಗಿ ಹಿಡಿಯದಿರಲು ಇದೊಂದು ಮುಖ್ಯ ಕಾರಣ.

ಇಲ್ಲಿ 'ಕ್ಷಾರ' ಎಂದು ಬರೆದರೆ ಓದುಗನ ಮನಸ್ಸಿನಲ್ಲಿ ಮೂಡುವ ಚಿತ್ರವೇ ಬೇರೆ: ಆಮ್ಲ ಕ್ಷಾರವನ್ನು ಕೊಂದಿತು, ಮದ್ದು ಕೆಟ್ಟಿತು. ವಾಸ್ತವದಲ್ಲಿ ಮದ್ದು ನಾಶವಾಗಿಲ್ಲ. ಪೊರೆಯ ಹೊರಗೆ ತಡೆಯಲ್ಪಟ್ಟಿದೆ, ಅಷ್ಟೆ. ಶಾಲಾ ಪಠ್ಯಗಳು ಉಳಿಸಿಕೊಂಡಿರುವ 'ಪ್ರತ್ಯಾಮ್ಲ'ವನ್ನೇ ವೈದ್ಯಸಾಹಿತ್ಯವೂ ಬಳಸುವುದು ಯುಕ್ತ. ಅದನ್ನು ಎದೆಯುರಿಯ ಗುಳಿಗೆಯೆಂದು ತಪ್ಪಾಗಿ ತಿಳಿಯುವ ಅಪಾಯ ಉಂಟು. ಆದರೆ ಒಂದು ವಾಕ್ಯದ ವಿವರಣೆಯಿಂದ ಅದು ನೀಗುತ್ತದೆ. ಕ್ಷಾರದ ಹಳೆಯ ಅರ್ಥವನ್ನು ಅಳಿಸುವುದು ಅಷ್ಟು ಸುಲಭವಲ್ಲ.

ಆಮ್ಲೀಯ ಔಷಧಗಳಲ್ಲಿ ಈ ಲೆಕ್ಕ ತಿರುಗುಮುರುಗು. ಆಸ್ಪಿರಿನ್ ದೇಹದಲ್ಲಿ ಸ್ಯಾಲಿಸಿಲೇಟಾಗಿ ಮಾರ್ಪಡುತ್ತದೆ. ಅದು ಮಿತಿಮೀರಿ ವಿಷವಾದಾಗ ವೈದ್ಯರು ಸೋಡಿಯಂ ಬೈಕಾರ್ಬೊನೇಟನ್ನು ರಕ್ತನಾಳಕ್ಕೆ ನೀಡಿ ಮೂತ್ರದ ಪಿಎಚ್ ಏರಿಸುತ್ತಾರೆ. ಅಯಾನಾದ ಸ್ಯಾಲಿಸಿಲೇಟ್ ಮೂತ್ರಪಿಂಡದ ನಾಳಿಕೆಗಳಿಂದ ರಕ್ತಕ್ಕೆ ಮರಳಲಾರದೆ ಹೊರಹೋಗುತ್ತದೆ.

ಎರವಲು ಪದಗಳ ಬಗೆಗೂ ಒಂದು ಮಾತು. 'ಆಮ್ಲಜನಕ' ಲವಾಸಿಯೆಯ ತಪ್ಪು ಕಲ್ಪನೆಯ ನಿಷ್ಠಾವಂತ ಅನುವಾದ. ಜಠರದ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲ. ಅನುವಾದಗೊಳ್ಳದೆ ಬಂದ 'ಅಯಾನು' ಅಂಥ ಯಾವ ಹೊರೆಯನ್ನೂ ತಂದಿಲ್ಲ. ಗ್ರೀಕಿನಲ್ಲಿ ಅದರ ಅರ್ಥ 'ಚಲಿಸುವುದು'. ಸಂಸ್ಕೃತದ 'ಅಯನ'ವೂ ಅದೇ ಮೂಲಧಾತುವಿನ ಕುಲದ್ದು. ಪಿಕೆಎಯನ್ನೂ ಹಾಗೆಯೇ ಉಳಿಸಿಕೊಂಡು, ಔಷಧದ ಅಣುಗಳಲ್ಲಿ ಸರಿಯಾಗಿ ಅರ್ಧದಷ್ಟು ಅಯಾನಾಗಿರುವ ಪಿಎಚ್ ಮಟ್ಟವೆಂದು ಒಮ್ಮೆ ವಿವರಿಸಿದರೆ ಸಾಕು.