ಉಗಿಬಂಡಿಯ ಬಾಗಿಲಿಗೆ ಲಾಕ್ ಬೇಕೇ?

ಹ್ಯಾರಿ ಪಾಟರ್ ಸಿನಿಮಾದಲ್ಲಿ ಹೊಗೆ ಉಗುಳುತ್ತಾ ಕಮಾನು ಸೇತುವೆ ದಾಟುವ ರೈಲು ನೆನಪಿದೆಯಲ್ಲ? ಅದು ಸ್ಕಾಟ್ಲೆಂಡಿನ ಗ್ಲೆನ್‌ಫಿನ್ನನ್ ಸೇತುವೆ, 21 ಕಮಾನುಗಳದ್ದು. ಅದರ ಮೇಲೆ ಈಗಲೂ ‘ಜಾಕೊಬೈಟ್’ ಎಂಬ ಉಗಿಬಂಡಿ ಪ್ರವಾಸಿಗರನ್ನು ಹೊತ್ತು ಫೋರ್ಟ್ ವಿಲಿಯಂನಿಂದ ಮ್ಯಾಲೇಗ್‌ವರೆಗೆ ಓಡುತ್ತದೆ. 2024ರಲ್ಲಿ ಮಾತ್ರ ಸೀಸನ್ ಆರಂಭದಲ್ಲೇ ಅದು ನಿಂತುಬಿಟ್ಟಿತ್ತು. ಎಂಜಿನ್ ಕೆಟ್ಟಿರಲಿಲ್ಲ, ತಕರಾರು ಇದ್ದದ್ದು ಬೋಗಿಯ ಬಾಗಿಲಿನದು.

ಆ ಹಳೆಯ ಬೋಗಿಗಳ ಬಾಗಿಲು ಹೊರಕ್ಕೆ ತೆರೆದುಕೊಳ್ಳುತ್ತವೆ. ರೈಲು ಓಡುವಾಗಲೂ ಯಾರು ಬೇಕಾದರೂ ಕೈಯಿಂದ ತೆರೆಯಬಹುದು. ಕಾರಿನಲ್ಲಿರುವಂಥ ಸೆಂಟ್ರಲ್ ಲಾಕಿಂಗ್ ಇಲ್ಲದ ಇಂಥ ಬೋಗಿಗಳು ಮುಖ್ಯ ಮಾರ್ಗದಲ್ಲಿ ಓಡಬಾರದು ಎಂದು ಬ್ರಿಟನ್ 1999ರಲ್ಲೇ ನಿಯಮ ಮಾಡಿದೆ. ಪಾರಂಪರಿಕ ರೈಲು ಎಂಬ ಕಾರಣಕ್ಕೆ ಇದಕ್ಕೆ ವಿನಾಯಿತಿ ಇತ್ತು. ಷರತ್ತು ಇಷ್ಟೇ: ಒಳಗಡೆ ಇನ್ನೊಂದು ಚಿಲಕ ಇರಬೇಕು, ಅದನ್ನು ಸಿಬ್ಬಂದಿ ಹಾಕಿ ಕಾಯಬೇಕು. 2023ರಲ್ಲಿ ತಪಾಸಣೆಗೆ ಬಂದವರಿಗೆ ಆ ಷರತ್ತೇ ಪಾಲನೆಯಾಗದಿರುವುದು ಕಂಡಿತು. ಲಾಕ್ ಹಾಕಿಸಲು 70 ಲಕ್ಷ ಪೌಂಡ್ ಬೇಕು, ನಮ್ಮ ವ್ಯವಸ್ಥೆಯೇ ಸಾಕು ಎಂದು ಕಂಪನಿ ಹೈಕೋರ್ಟ್‌ಗೆ ಹೋಯಿತು, ಡಿಸೆಂಬರ್‌ನಲ್ಲಿ ಸೋತಿತು.

ಇದನ್ನು ಓದಿದಾಗ ಮೊದಲು ನಾನೂ ಕಂಪನಿಯ ಪರವೇ ಇದ್ದೆ. ಹಳೆಯದು ಹಳೆಯದಾಗಿಯೇ ಇರಲಿ ಬಿಡಿ ಅನಿಸಿತ್ತು. ಆಮೇಲೆ ಕಾಲೇಜಿನ ಲಿಫ್ಟ್ ನೆನಪಾಯಿತು. ಬಾಗಿಲು ಮುಚ್ಚದೆ ಅದು ಅಲುಗುವುದಿಲ್ಲ. ಕಾಯಲು ಅಲ್ಲಿ ಯಾರೂ ನಿಂತಿರುವುದಿಲ್ಲ. ಚಿಲಕ ಹಾಕುವವನು ನಿಷ್ಠಾವಂತನೇ ಇರಬಹುದು. ಆದರೆ ಸೀಸನ್ ಪೂರ್ತಿ, ದಿನಾ, ಪ್ರತಿ ಸ್ಟೇಷನ್‌ನಲ್ಲಿ ಪ್ರತಿ ಬಾಗಿಲು? ಒಂದು ಸಲ ಮರೆತರೂ ಆಯಿತು. ಏಪ್ರಿಲ್‌ನಲ್ಲಿ ಲಾಕ್ ಇರುವ ಬೋಗಿಗಳೊಂದಿಗೆ ರೈಲು ಮತ್ತೆ ಹೊರಟಿತು. ಹೊಗೆ, ಸೀಟಿ, ಸೇತುವೆ ಎಲ್ಲವೂ ಹಾಗೆಯೇ ಇವೆ.

ಲಾಕ್ ಎಲ್ಲವನ್ನೂ ಕಾಯುತ್ತದೆ ಎಂದಲ್ಲ. 2018ರಲ್ಲಿ ಇಂಗ್ಲೆಂಡಿನ ಬಾತ್ ಸಮೀಪ ಲಾಕ್ ಇದ್ದ ರೈಲಿನಲ್ಲೇ ಯುವತಿಯೊಬ್ಬಳು ಬಾಗಿಲ ಕಿಟಕಿಯಿಂದ ತಲೆ ಹೊರಹಾಕಿ, ಮರದ ಕೊಂಬೆ ಬಡಿದು ಸತ್ತಳು.

ನಮ್ಮಲ್ಲಿ? 2025ರ ಜೂನ್‌ನಲ್ಲಿ ಮುಂಬೈನ ಮುಂಬ್ರಾ ತಿರುವಿನಲ್ಲಿ ಕಿಕ್ಕಿರಿದ ಎರಡು ಲೋಕಲ್‌ಗಳು ಎದುರುಬದುರಾದಾಗ ಫುಟ್‌ಬೋರ್ಡ್‌ನಲ್ಲಿ ನೇತಾಡುತ್ತಿದ್ದವರು ಬಿದ್ದು ಸತ್ತರು. ಲೋಕಲ್‌ಗಳಿಗೆ ತಾನೇ ಮುಚ್ಚಿಕೊಳ್ಳುವ ಬಾಗಿಲು ಹಾಕುತ್ತೇವೆ ಎಂದು ರೈಲ್ವೆ ಹೇಳಿದ್ದು ಅದರ ನಂತರ. ಫುಟ್‌ಬೋರ್ಡ್ ಪ್ರಯಾಣಕ್ಕೆ ಶಿಕ್ಷೆ ವಿಧಿಸುವ ಕಾನೂನು 1989ರಿಂದಲೇ ಇದೆ. ಒಳಗೆ ಕಾಲಿಡಲು ಜಾಗವೇ ಇಲ್ಲದವನಿಗೆ ಅದನ್ನು ಓದಿ ಹೇಳಿ ಏನು ಪ್ರಯೋಜನ? ಬಾಗಿಲಿನ ಜೊತೆ ಬೋಗಿಗಳೂ ಹೆಚ್ಚಬೇಕು.

ನನ್ನ ಕಥೆ ಬೇರೆ. ಬೆಳಗಿನ ಪ್ಯಾಸೆಂಜರ್‌ನಲ್ಲಿ ಒಳಗೆ ಸೀಟು ಖಾಲಿ ಇದ್ದರೂ ಬಾಗಿಲಲ್ಲಿ ನಿಂತೇ ಕಾಲೇಜಿಗೆ ಹೋಗುತ್ತಿದ್ದೆ, ಒಳ್ಳೆ ಗಾಳಿ ಬರುತ್ತದೆ ಅಂತ.