ನೃಪತುಂಗನ ಕಾಲದ ಒಂದು ಸಂಖ್ಯಾಹಾರ

ಅಮೋಘವರ್ಷ ನೃಪತುಂಗನ ಕಾಲವೆಂದರೆ ನಮ್ಮ ಸಾಹಿತ್ಯ ಚರಿತ್ರೆಗಳಿಗೆ ‘ಕವಿರಾಜಮಾರ್ಗ’. ಅದೇ ಅರಸನನ್ನು ಗ್ರಂಥಾರಂಭದಲ್ಲಿ ಸ್ತುತಿಸಿ, ಕ್ರಿ.ಶ. 850ರ ಸುಮಾರಿಗೆ ಸಂಸ್ಕೃತ ಪದ್ಯಗಳಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಜೈನಾಚಾರ್ಯ ಮಹಾವೀರನಿಗೆ ಅಲ್ಲಿ ದಕ್ಕುವುದು ಹೆಚ್ಚೆಂದರೆ ಒಂದೆರಡು ವಾಕ್ಯ. ಅವನು ಗಣಿತ ವಿಭಾಗದವರ ಸೊತ್ತು ಎಂಬ ಈ ಪಾಲುಪಟ್ಟಿಯನ್ನು ನಾನು ಒಪ್ಪಲಾರೆ. ಆ ಗ್ರಂಥದ ಒಂದೇ ಒಂದು ಸಂಖ್ಯೆಯನ್ನು ಸಾಹಿತ್ಯದ ವಿದ್ಯಾರ್ಥಿ ಬಿಡಿಸಿ ನೋಡಲಿ.

ಆ ಸಂಖ್ಯೆ 12345654321. ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವುದು ಎಂಬುದೇ ಆಚಾರ್ಯನು ಕೊಡುವ ವರ್ಣನೆ. ಹನ್ನೊಂದು ಅಂಕಗಳ ಹೆಸರು ಹೇಳಬೇಕಿಲ್ಲ. ಆಕಾರವನ್ನು ಹೇಳಿದರೆ ಸಾಕು. ಸ್ಥಾನಮೌಲ್ಯ ಪದ್ಧತಿ ಓದುಗನಿಗೆ ಕರತಲಾಮಲಕವಾಗಿದ್ದಲ್ಲದೆ ಇಂತಹ ಮಾತು ಸಾಧ್ಯವಿಲ್ಲ. ಹಿಂದುಮುಂದಾಗಿ ಓದಿದರೂ ಬದಲಾಗದ ಈ ಗುಣಕ್ಕೆ ಆಲಂಕಾರಿಕರಲ್ಲಿ ಹೆಸರುಂಟು, ಗತಪ್ರತ್ಯಾಗತ. ಇಂತಹ ಕೆಲವು ಗುಣಲಬ್ಧಗಳನ್ನು ಮಹಾವೀರನೇ ‘ಕಂಠಿಕೆ’, ಕೊರಳ ಹಾರ, ಎಂದು ಕರೆದಿದ್ದಾನೆ.

ಹಾರದ ದಾರ ಕಾಣಬೇಕಾದರೆ ಒಳಹೋಗಬೇಕು. 27994681ನ್ನು 441ರಿಂದ ಗುಣಿಸಿದರೆ ನಮ್ಮ ಸಂಖ್ಯೆ ಬರುತ್ತದೆ. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21 ಮತ್ತು 5291ರ ಗುಣಲಬ್ಧ 111111. ಹಾಗಾದರೆ ಇಡೀ ಹಾರವು ಆರು ಒಂದುಗಳ ವರ್ಗ. ಆರಕ್ಕೇ ಏಕೆ ನಿಂತ? ಒಂಬತ್ತು ಒಂದುಗಳವರೆಗೂ ಈ ಏರಿಳಿತ ಕೆಡುವುದಿಲ್ಲ. ಹತ್ತಕ್ಕೆ ಬಂದಾಗ ದಶಕ ಮೇಲೇರಿ ಹಾರ ಹರಿಯುತ್ತದೆ. ಆದರೆ ಐದು ಒಂದುಗಳು 41 ಮತ್ತು 271 ಎಂದಷ್ಟೇ ಒಡೆಯುತ್ತವೆ, ಏಳು ಒಂದುಗಳು 239 ಮತ್ತು 4649 ಎಂದು. ಆರು ಒಂದುಗಳಾದರೋ 3, 7, 11, 13, 37 ಎಂಬ ಐದು ಪುಟ್ಟ ಅವಿಭಾಜ್ಯಗಳಾಗಿ ಬಿಚ್ಚಿಕೊಳ್ಳುತ್ತವೆ. ಬೇಕಾದ ಮಣಿಗಳನ್ನು ಈ ಕಡೆಗೂ ಆ ಕಡೆಗೂ ಹಂಚಿ ಲೆಕ್ಕವನ್ನು ಮರೆಮಾಚಲು ಅಲ್ಲಿ ಎಡೆಯಿದೆ. ಆಯ್ಕೆ ಆಕಸ್ಮಿಕವೆಂದು ನನಗೆ ತೋರುವುದಿಲ್ಲ. 152207ನ್ನು 73ರಿಂದ ಗುಣಿಸಿ ಎಂಟು ಒಂದುಗಳನ್ನು ನಿಲ್ಲಿಸಿದವನೂ ಇವನೇ.

ಇದು ಬರಿಯ ಚಮತ್ಕಾರವೆಂದು ತಳ್ಳುವವರು ಚಿತ್ರಕಾವ್ಯವನ್ನೂ ಹಾಗೆಯೇ ತಳ್ಳಿದವರು. ಅವರೊಡನೆ ವಾದ ಬೇಡ. ತೆಲುಗಿನ ಪಾವುಲೂರಿ ಮಲ್ಲನ ಈ ಗ್ರಂಥವನ್ನು ಪದ್ಯವಾಗಿಯೇ ತನ್ನ ನುಡಿಗೆ ತಂದ. ಅಲ್ಲಿ ಅವನು ಕವಿಯೆಂದೇ ಗಣ್ಯ. ನಮ್ಮ ರಾಜಾದಿತ್ಯ 12ನೆಯ ಶತಮಾನದಲ್ಲಿ ‘ವ್ಯವಹಾರಗಣಿತ’ ಬರೆದ, ಕನ್ನಡ ಎಂ.ಎ. ತರಗತಿಗಳಲ್ಲಿ ಅವನನ್ನು ಓದುವವರೆಷ್ಟು ಮಂದಿ?

ಹೆಬ್ಬಾಳದ ಕಿತ್ತಯ್ಯನ ಕಲ್ಲು ಬೆಳಕಿಗೆ ಬಂದಾಗ ಬೆಂಗಳೂರಿನ ಉತ್ತರ ಭಾಗದ ನಾವೆಲ್ಲ ಅದರ ಒಂದೊಂದು ಅಕ್ಷರದ ಚೆಲುವನ್ನೂ ಕೊಂಡಾಡಿದೆವು, ಉಚಿತವಾಗಿಯೇ. ಅದು ಶ್ರೀಪುರುಷನ ಕಾಲದ್ದು, ಮಹಾವೀರನಿಗಿಂತ ಸುಮಾರು ನೂರು ವರ್ಷ ಹಿಂದಿನದು. ಅಕ್ಷರಕ್ಕೆ ತೋರಿದ ಆ ಅಕ್ಕರೆ ಅಂಕಕ್ಕೇಕೆ ಇಲ್ಲ? ಭಾಷೆ ತಿಳಿಯದೆಂಬ ನೆಪವೂ ಈಗ ಉಳಿದಿಲ್ಲ. ಪದ್ಮಾವತಮ್ಮನವರು ಸಂಪಾದಿಸಿ ಕನ್ನಡ ಅನುವಾದದೊಡನೆ ಸಿದ್ಧಪಡಿಸಿದ ಆವೃತ್ತಿಯನ್ನು ಹೊಂಬುಜದ ಗ್ರಂಥಮಾಲೆ 2000ದಲ್ಲಿಯೇ ಹೊರತಂದಿದೆ. ‘ಕವಿರಾಜಮಾರ್ಗ’ ಪಾಠವಾಗುವ ತರಗತಿಯಲ್ಲಿ ಅದರ ಗುಣಾಕಾರ ಪ್ರಕರಣದ ಹತ್ತು ಪದ್ಯಗಳಿಗೆ ಎರಡು ದಿನ ಸಾಕು.